ಗಿಡದ ಪರಕಾರ

ತುಕ್ಕಾನಟ್ಟಿ, ತಾಲೂಕು ಮೂಡಲಗಿ
10 ಸೆಪ್ಟೆಂಬರ್ 2024

ಆಮ್ರಪಾಲಿ ಬಾಯಾರಿಗೆ, ತುಕ್ಕಾನಟ್ಟಿಯಿಂದ ಅಕ್ಕವ್ವ ಮಾಡುವ ಶರಣು ಶರಣಾರ್ಥಿ.

ಘಟಪ್ರಭಾ ದವಾಖಾನಿ ಬಿಟ್ಟ ಹುಕ್ಕೇರಿಗೆ ಹೋಗೂ ಮುಂದ ನೀವು ಏನ ಹೇಳಿದ್ರಿ? "ಫೋನ್ ಹಚ್ಚಬ್ಯಾಡ್ರಿ ಆಯಿ. ಹದಿನೈದ ದಿನಕ್ಕೊಮ್ಮೆ ಪತ್ರ ಬರೀರಿ. ಬಲಗೈಲೆ ಬರೀರಿ, ಎಡಗೈಲೆ ಕಾಗದ ಒತ್ತಿ ಹಿಡೀರಿ, ಅದ ನಿಮ್ಮ ಔಷಧ." ಹೂಂ, ಬರ್ಯಾಕತ್ತೇನಿ. ನೋಡ್ರಿ ನಿಮ್ಮ ಔಷಧದ ಅವತಾರ. ಮೂರನೇ ಗೆರಿ ಹೊಲದ ದಾರಿ ಹಿಡದೈತಿ, ಐದನೇದು ಕಾಗದಾನ ಬಿಟ್ಟ ಕೆಳಗ ಇಳದೈತಿ. ಎಡಗೈ ಮುಷ್ಟಿ ಕಾಗದದ ಮ್ಯಾಲ ಕಲ್ಲ ಇಟ್ಟಂಗ ಕುಂದರ್ತೈತಿ, ಆದ್ರ ಕಲ್ಲಿಗಿರೋ ಧರ್ಮಾನೂ ಅದಕ್ಕಿಲ್ಲ, ಜಾರತೈತಿ.

ನಮ್ಮ ಸೊಸಿ ಶೈಲಾ "ನಾ ಹಿಡೀತೇನಿ ಬಿಡ್ರಿ ಅತ್ತಿ" ಅಂತ ಬಂದ್ಲು. ಅತ್ಲಾಗ ಸರದ ಕುಂದರು ಅಂದೆ. ಕಾಗದ ಭಾಳ ನುಣುಪ ಐತಿ ಅಂತ ನಾ ಬೈಯ್ಯಾಕತ್ತಿದ್ದೆ, ನಮ್ಮ ಮನಿಯವರು ಪೇಪರ್ ಓದಕೋತ ಕುಂತಾವರು ತಲಿ ಎತ್ತಲಾರದ, "ಕುಣೀಲಾರದಾಕಿ ಅಂಗಳ ಡೊಂಕ ಅಂದಳಂತ" ಅಂದ್ರು. ನಲವತ್ತೈದ ವರ್ಷ ಆತು ಲಗ್ನ ಆಗಿ, ರಾಚಪ್ಪನವರ ಬಾಯಿಗೆ ಒಂದ ದಿನ ಸೂಟಿ ಇಲ್ಲ.

ಶಿವರಾತ್ರಿ ಮುಗದ ಮೂರನೇ ದಿನ ಲಕ್ವಾ ಹೊಡದಿದ್ದು. ಕಾಲ ಬಂತು. ಮಾತ ಬಂತು, ಅದು ಬರಬಾರದಿತ್ತು ಅಂತಾರ ಮನ್ಯಾಗ. ಎಡಗೈ ಅಷ್ಟ ಹಟ ಹಿಡದ ಕುಂತೈತಿ. ಹಿಡಿಯೂದ ಬರ್ತೈತಿ, ಬಿಡೂದ ಬರೂದಿಲ್ಲ. ಒಮ್ಮೆ ಶೈಲಾನ ಸೆರಗ ಹಿಡಕೊಂಡಿತ್ತು, ಇಬ್ಬರೂ ಕೂಡಿ ಒಂದೊಂದ ಬೆರಳ ಬಿಡಸಿದ್ವಿ.

ನನಗ ಬ್ಯಾರೆ ಏನೂ ಬ್ಯಾಡ್ರಿ ಬಾಯಾರ. ಈ ಅಂಗೈ ತೆರೀಬೇಕು. ನೀವು ದವಾಖಾನ್ಯಾಗ ದಿನಾ ಬೆರಳ ತಿಕ್ಕಿ ವ್ಯಾಯಾಮ ಮಾಡಸ್ತಿದ್ದಾಗ ಅರ್ಧಾ ತೆರದಿತ್ತು, ಉಳದರ್ಧಾ ತೆರಸ್ರಿ.

ನಿಮ್ಮ ಅಕ್ಕವ್ವ


ಹುಕ್ಕೇರಿ
24 ಸೆಪ್ಟೆಂಬರ್ 2024

ಅಕ್ಕವ್ವ ಆಯಿ, ನಮಸ್ಕಾರ್ರಿ.

ಪತ್ರ ಮುಟ್ಟಿತು. ಹೊಲದ ದಾರಿ ಹಿಡದ ಗೆರಿ ನೋಡಿ ನಕ್ಕ ನಕ್ಕ ಸಾಕಾತು. ಆದ್ರ ಆಯಿ, ಎರಡನೇ ಪುಟದಾಗ ನಾಕ ಗೆರಿ ನೆಟ್ಟಗ ಅದಾವ. ನೀವು ನೋಡೇ ಇಲ್ಲ. ಆ ನಾಕ ಗೆರಿ ಹೊತ್ತಿನ್ಯಾಗ ನಿಮ್ಮ ಎಡಗೈ ಕೆಲಸಾ ಮಾಡೇತಿ.

ಇಲ್ಲೆ ನನಗ ಆರಾಮ ಐತ್ರಿ. ಕೈಕಾಲು ಮಾತ ಕೇಳಲಾರದ ಸಣ್ಣ ಮಕ್ಕಳ ಸಾಲಿ ಇದು. ದಿನಾ ಕಣಗಲಾದಿಂದ ಬಸ್ಸಿಗೆ ಬಂದ ಹೋಗ್ತೇನಿ, ರಾತ್ರಿ ಊಟಕ್ಕ ಮನಿ ಸಿಗ್ತೈತಿ. ನಮ್ಮ ಸಾಲಿ ದೊಡ್ಡ ಬಾಯಾರು ಕ್ರಿಶ್ಚನ್‌ರು. ಪ್ರತಿ ವರ್ಷ ಡಿಸೆಂಬರ್‌ದಾಗ ಎದಿಮಟ ಎತ್ತರದ ಒಂದ ಪ್ಲಾಸ್ಟಿಕ್ ಗಿಡ ತಂದ, ಎಣ್ಣಿ ಡಬ್ಬ್ಯಾಗ ಉಸುಕ ತುಂಬಿ ಅದರಾಗ ನಿಲ್ಲಸ್ತಾರಂತ. ಮ್ಯಾಲ ಚುಕ್ಕಿ, ಗಂಟಿ, ಎಲ್ಲಾ ಛಂದ. ಕೆಳಗ ನೋಡಿದ್ರ ಎಣ್ಣಿ ಡಬ್ಬಿ. ಮಕ್ಕಳು ಆ ಉಸುಕ ತಗದ ಬಾಯಾಗ ಹಾಕ್ಕೋತಾವಂತ.

ಅದಕ್ಕ ನಿಮಗ ಒಂದ ಕೆಲಸ ಹಚ್ಚತೇನಿ. ಗಿಡದ ಬುಡಕ್ಕ ಸುತ್ತಲೂ ಹಾಸೂ ಹಂಗ, ಹುಡಿಗ್ಯಾರ ಲಂಗದಂಥಾ ಒಂದ ಗುಂಡನ್ನ ಪರಕಾರ ಕ್ರೋಶಾದಾಗ ಹೆಣದ ಕೊಡ್ರಿ. ಡಬ್ಬಿ ಮುಚ್ಚಿ, ನೆಲದ ಮ್ಯಾಲ ಎರಡ ಗೇಣ ಹರಡಬೇಕು. ನಡುವ ಬೊಡ್ಡಿ ಹಿಡಿಯೂವಷ್ಟ ತೂತು, ಮತ್ತ ತೂತಿನಿಂದ ಅಂಚಿನ ತನಕ ಒಂದ ಕಡೆ ಸೀಳು ಇರಲಿ. ಕೆಂಪ ಉಲ್ಲನ್, ದಪ್ಪನ ಸೂಜಿ ಪಾರ್ಸಲ್‌ದಾಗ ಅದಾವ. ನಿಮ್ಮ ಬಾಗಲದ ತೋರಣದ ಫೋಟೋ ಶೈಲಕ್ಕಾ ತೋರಿಸಿದ್ದು ನನಗ ಇನ್ನೂ ಕಣ್ಣಾಗ ಐತಿ, ಆದ್ರ ಸಣ್ಣ ದಾರಾ ಈಗ ಬ್ಯಾಡ. ದಪ್ಪಂದ ಎಡಗೈಗೆ ತಿಳೀತೈತಿ.

ಇನ್ನೊಂದ ಮಾತು. ಪ್ರತಿ ಪತ್ರದ ಹಿಂದ ಎಡಗೈ ಇಟ್ಟ, ಸುತ್ತಲೂ ಪೆನ್ನಿಲೆ ಗೆರಿ ಎಳದ ಕಳಸ್ರಿ. ಇಲ್ಲಿಂದ ನಾ ಅಳತಿ ನೋಡತೇನಿ.

ಥಂಡಿ ಸುರು ಆಗ್ತೈತಿ. ಘಟಪ್ರಭಾದಾಗ ಕೈಗೆ ಹಸರ ಟಾವೆಲ್ ಸುತಗೊಂಡ ಬರ್ತಿದ್ರೆಲ್ಲಾ, ಅದನ್ನ ಈಗೂ ಸುತ್ತರಿ. ಕೈ ಬೆಚ್ಚಗಿದ್ರ ಛಲೋ.

ಆಮ್ರಪಾಲಿ


ತುಕ್ಕಾನಟ್ಟಿ
8 ಅಕ್ಟೋಬರ್ 2024

ಬಾಯಾರಿಗೆ ಶರಣು.

ಗಿಡಕ್ಕ ಪರಕಾರ! ಅಯ್ಯ ಶಿವನ! ಅರವತ್ಮೂರ ವರ್ಷಕ್ಕ ಇದೊಂದ ಕೇಳೂದ ಬಾಕಿ ಇತ್ತು. ಬನ್ನಿ ಗಿಡಕ್ಕ ಸೀರಿ ಉಡಿಸಿದ್ದ ನೋಡೇನಿ, ಪರಕಾರ ತೊಡಿಸಿದ್ದ ನೋಡಿಲ್ಲ. ಮನಿಯವರಿಗೆ ಹೇಳಿದ್ರ, "ಕುಬಸಾನೂ ಹೊಲದ ಕೊಡು, ಥಂಡಿ ಐತಿ" ಅಂದ್ರು.

ಪಾರ್ಸಲ್ ತಂದ ಪೋಸ್ಟಿನ ಮಾಲಿಂಗ ಒಳಗ ಏನೈತಿ ಅಂತ ನೋಡೂ ತನಕ ಕಟ್ಟಿ ಬಿಟ್ಟ ಏಳಲಿಲ್ಲ. ಬಾಯಾರ, ಇದ ಉಲ್ಲನ್ ಏನ್ರಿ? ನಮ್ಮ ಎತ್ತಿನ ಮೂಗದಾಣಾನ ಇದಕಿಂತ ಸಣ್ಣದೈತಿ. ಸೂಜಿ ಅಂತೂ ಮಜ್ಜಿಗಿ ಕಡಗೋಲ. ನಾ ಯಾರಂತ ತಿಳದೀರಿ? ಗೋಕಾಕದಿಂದ ಹೆಣ್ಣ ಕೊಟ್ಟಾವರು ಸುದ್ದಾ ಬೀಗರ ಮನಿಗೆ ಒಯ್ಯಾಕ ನನ್ನ ಕಡಿಂದ ಗಿಳಿ ತೋರಣಾ ಮಾಡಿಸಿಕೊಂಡ ಹೋಗತಿದ್ರು. ಗಿಳಿ ಕಣ್ಣಿಗೆ ಒಂದ ಮಣಿ, ಅದನ್ನ ದಾರದಾಗ ಸಿಗಸಾಕ ಉಸರ ಬಿಗಿ ಹಿಡೀತಿದ್ದೆ. ಅಂಥಾಕಿ ಕೈಯಾಗ ಹಗ್ಗಾ ಕೊಟ್ಟೀರಿ. ಕಣ್ಣೀರ ಬಂತ್ರಿ ಖರೇನ. ಆಮ್ಯಾಲ ಮಕ್ಕಳು ಉಸುಕ ತಿಂತಾವ ಅಂದ್ರೆಲ್ಲಾ, ಅದ ನೆನಪಾಗಿ ಸೂಜಿ ಹಿಡದೆ.

ಟಾವೆಲ್ ಮಾತ ಯಾಕ ತಗದ್ರಿ ಈಗ? ಅದು ಹರದ ಹೋತು. ಬಿಡ್ರಿ.

ಅಂಗೈ ಯಾಕ ತೆರೀಬೇಕು ಅಂತ ನೀವು ಯಾವತ್ತೂ ಕೇಳಲಿಲ್ಲ. ರೊಟ್ಟಿ ಬಡ್ಯಾಕ ಅಂತ ತಿಳದಿರಬೇಕು. ರೊಟ್ಟಿ ಶೈಲಾ ನನಕಿಂತ ಛಲೋ ಬಡೀತಾಳ, ಆಕಿ ಮುಂದ ಹೇಳಬ್ಯಾಡ್ರಿ ಅಷ್ಟ. ಹೇಳೇ ಬಿಡತೇನಿ. ನಮ್ಮಲ್ಲೆ ಲಿಂಗಪೂಜಾ ಎಡಗೈ ಅಂಗೈಯಾಗ ಆಗಬೇಕ್ರಿ. ಎಂಟ ವರ್ಷದಾಕಿ ಇದ್ದಾಗ ಅಯ್ಯನವರು ಕಟ್ಟಿದ ಲಿಂಗ ಇದು. ಕರಡಗಿಯಿಂದ ತಗದ, ಎಡ ಅಂಗೈಯಾಗ ಇಟಗೊಂಡ, ಬಲಗೈಲೆ ವಿಭೂತಿ, ಪತ್ರಿ ಏರಿಸಿ ಕಣ್ಣತುಂಬ ನೋಡಬೇಕು. ಅಂಗೈ ಬೋಗುಣಿ ಆಗಬೇಕು, ಅಲಗ್ಯಾಡಬಾರದು. ಮಾರ್ಚ್‌ದಿಂದ ನಾ ತಾಟಿನಾಗ ಇಟ್ಟ ಮಾಡಾಕತ್ತೇನಿ. ನಡೀತೈತಿ ಅಂತಾರ ಎಲ್ಲಾರೂ. ನನಗ ನಡ್ಯಾಂಗಿಲ್ಲ. ಐವತ್ತೈದ ವರ್ಷ ದಿನಾ ಮುಂಜಾನೆ ಆ ಇಷ್ಟ ತೂಕ ಅಂಗೈಯಾಗ ಇತ್ತು. ಈಗ ಕೈ ಖಾಲಿ ಐತಿ, ಮುಚ್ಚಿದ್ರೂ ಖಾಲಿ.

ಬರೂ ಶಿವರಾತ್ರಿಗರೆ ಲಿಂಗ ಅಂಗೈಗೆ ಬರತೈತೇನ್ರಿ? ಸುಳ್ಳ ಹೇಳಬ್ಯಾಡ್ರಿ.

ಕೈ ಗೆರಿ ಎಳದ ನೋಡಿದೆ. ಬಟಾಟಿ ಬಂತು. ಬಟಾಟಿ ನಿಮಗ್ಯಾಕ ಕಳಸಲಿ? ತೆರದ ದಿನ ಕಳಸ್ತೇನಿ.

ಅಕ್ಕವ್ವ


ಹುಕ್ಕೇರಿ
22 ಅಕ್ಟೋಬರ್ 2024

ಆಯಿ, ನಮಸ್ಕಾರ.

ಲಿಂಗದ ವಿಷಯ ನನಗ ಗೊತ್ತಿರಲಿಲ್ರಿ. ನಾಕ ತಿಂಗಳ ನಿಮ್ಮ ಕೈ ಹಿಡದ ಕುಂತ, ಬೆರಳ ಡಿಗ್ರಿ ಲೆಕ್ಕಾ ಹಾಕಿದೆ, ಆ ಕೈ ಏನ ಹಿಡ್ಯಾಕ ಹಂಬಲಸ್ತೈತಿ ಅಂತ ಕೇಳಲಿಲ್ಲ. ನನ್ನ ತಪ್ಪು.

ಬಿಸಿನೀರಾಗ ಕೈ ಇಟ್ಟ ಮ್ಯಾಲ ಹೆಣ್ಯಾಕ ಕುಂದರ್ರಿ. ಉಲ್ಲನ್ ಜಗ್ಗಬ್ಯಾಡ್ರಿ, ಮುಷ್ಟಿಯೊಳಗಿಂದ ಹಾದ ಹೋಗಾಕ ಬಿಡ್ರಿ. ದಿನಾ ಅರ್ಧಾ ತಾಸ, ಹೆಚ್ಚಿಗಿ ಬ್ಯಾಡ.

ಶಿವರಾತ್ರಿಗೆ ಇನ್ನೂ ಭಾಳ ದಿನ ಅದಾವ. ನೋಡೂಣು.

ಬಟಾಟಿ ಆದ್ರೂ ಕಳಸ್ರಿ. ನನಗ ಬಟಾಟಿ ಸೇರತೈತಿ.

ಆಮ್ರಪಾಲಿ


ತುಕ್ಕಾನಟ್ಟಿ
11 ನವೆಂಬರ್ 2024

ಬಾಯಾರಿಗೆ ಶರಣು. ದೀಪಾವಳಿ ಛಲೋ ಆತು. ಶೈಲಾ ಕರಚಿಕಾಯಿ ಮಾಡಿದ್ಲು, ಅಂಚ ಕಟ್ಟಾಕ ನನ್ನ ಕರೀಲಿಲ್ಲ, ನಾನೂ ಹೋಗಲಿಲ್ಲ.

ಪರಕಾರದ ಕಥಿ ಕೇಳ್ರಿ. ಮೊದಲ ಎಂಟ ಸಾಲ ಹಾಕಿದೆ. ಸಾಲಿಗೆ ಎಷ್ಟ ಕಂಬದ ಹೆಣಿಕಿ ಏರಸಬೇಕೋ ಅಷ್ಟ ಏರಿಸೇನಿ, ಲೆಕ್ಕದಾಗ ಒಂದೂ ತಪ್ಪಿಲ್ಲ. ಆದ್ರೂ ಹಾಸೂದಿಲ್ಲ, ಮ್ಯಾಲ ಮ್ಯಾಲ ಏಳತೈತಿ, ಬುಟ್ಟಿ ಆಗಾಕತ್ತೇತಿ. ಯಾಕ? ಮುಷ್ಟಿ ಉಲ್ಲನ್ ಬಿಡವಲ್ದು! ಜಿಪುಣನ ಹಂಗ ಹಿಡಕೊಂಡ ಕುಂದರ್ತೈತಿ, ನಾ ಬಲಗೈಲೆ ಜಗ್ಗತೇನಿ, ಕಂಬ ಎಲ್ಲಾ ಬಿಗೀ ಬಿಗಿ. ಮನಿಯವರು ಅದನ್ನ ಎತಗೊಂಡ ತಲಿಗೆ ಇಟಗೊಂಡ್ರು. ಬರೋಬರಿ ಕುಂತತು. ಅದನ್ನ ಹಾಕ್ಕೊಂಡ ಅಂಗಡಿ ತನಕ ಹೋಗಿ ಬಂದ್ರು, ಓಣ್ಯಾಗಿನ ಗುಡ್ಡವ್ವನ ಮನಿ ಮಂದಿ ಎಲ್ಲಾ ಹೊರಗ ಬಂದ ನೋಡಿದ್ರಂತ.

ಎಲ್ಲಾ ಬಿಚ್ಚಿದೆ. ನಾ ಗಿಳಿ ಕಣ್ಣ ಬಿಚ್ಚಿದಾಕಿ ಅಲ್ಲ ಯಾವತ್ತೂ, ಇದನ್ನ ಬಿಚ್ಚಿದೆ.

ಆಮ್ಯಾಲ ಒಂದ ಯುಕ್ತಿ ಮಾಡಿದೆ. ಎಡಗೈ ತೊಡಿ ಮ್ಯಾಲ ಬೋರಲ ಇಡೂದ ಬಿಟ್ಟ ಅಂಗಾತ ಇಟ್ಟೆ. ಸಾಲಿನ ಕಡೀಗೆ ಬಂದಾಗೆಲ್ಲಾ ನಿಂತ, ಮುಷ್ಟಿಗೆ ಬಾಯಿಬಿಟ್ಟ ಹೇಳಿದೆ, "ಬಿಡವಾ, ಇದು ನಿಂದಲ್ಲ, ಮಕ್ಕಳದು." ಶೈಲಾ ಒಲಿ ಮುಂದ ಕುಂತ ಸೆರಗ ಬಾಯಿಗೆ ಹಿಡಕೊಂಡ ನಗಾಕತ್ತಿದ್ಲು. ನಗಲಿ. ಒಂಬತ್ತನೇ ದಿನಕ್ಕ ಒಂದ ಸಾಲ ಸಡಿಲ ಬಂತು. ಒಂದ ಸಾಲ ಬಾಯಾರ! ಈಗ ಹನ್ನೊಂದ ಅದಾವ, ನೆಲದ ಮ್ಯಾಲ ಇಟ್ಟರ ರೊಟ್ಟಿ ಹಂಗ ಮಕ್ಕೋತಾವ.

ನಿಮ್ಮ ಕೆಂಪ ಉಲ್ಲನ್ ತೀರತು. ನಮ್ಮ ಬಾಳೇಶ ಗೋಕಾಕಕ್ಕ ಹೋದಾಗ ಹೇಳಿ ಕಳಸಿದ್ದೆ. ಮಗಾ ನಾಕ ಅಂಗಡಿ ತಿರಗಿ ಅರಿಷಿಣ ಬಣ್ಣದ್ದ ತಂದಾನ, ದಪ್ಪಂದ್ರಾಗ ಅದೊಂದ ಇತ್ತಂತ. ಇರಲಿ, ದಡಿಗೆ ಬೇಕಾತು. ದಡಿ ಇಲ್ಲದ ಪರಕಾರ ಯಾವ ಹುಡಿಗಿ ತೊಡತಾಳ?

ಈಗ ನನ್ನ ಮಾತು. ನಾ ಒಂದ ಕೇಳಿದ್ದೆ, ನೀವು "ನೋಡೂಣು" ಅಂದ್ರಿ. ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಆತು, ಆ ಕಡೆನೂ ಬೆಳಕಿಲ್ಲ ಈ ಕಡೆನೂ ಬೆಳಕಿಲ್ಲ. ಅಂಗೈ ಪೂರ್ತಿ ತೆರೀತೈತೋ ಇಲ್ಲೋ? ಹೌದ ಅಂದ್ರ ಹೌದು, ಅಲ್ಲ ಅಂದ್ರ ಅಲ್ಲ. ಒಂದ ಮಾತ ಬರೀರಿ.

ಅಕ್ಕವ್ವ


ಹುಕ್ಕೇರಿ
2 ಡಿಸೆಂಬರ್ 2024

ಆಯಿ, ನಮಸ್ಕಾರ್ರಿ.

ಉತ್ತರ ಬರ್ಯಾಕ ತಡಾ ಆತು. ಸಾಲ್ಯಾಗ ಕೆಲಸ ಜಾಸ್ತಿ ಇತ್ತು. ಹನ್ನೊಂದ ಸಾಲ ಅಂದ್ರ ಭಾಳ ಆತು, ಖುಷಿ ಆತು. ಅರಿಷಿಣ ದಡಿ ಛಂದ ಕಾಣತೈತಿ.

ಗಿಡಾ ಇಪ್ಪತ್ತನೇ ತಾರೀಖಿಗೆ ನಿಲ್ಲಸ್ತಾರ, ಅಷ್ಟರಾಗ ಮುಟ್ಟೂ ಹಂಗ ಕಳಸ್ರಿ. ಸೀಳು ಬಿಡೂದ ಮರೀಬ್ಯಾಡ್ರಿ.

ಆರೋಗ್ಯ ನೋಡಿಕೊಳ್ರಿ.

ಆಮ್ರಪಾಲಿ


ತುಕ್ಕಾನಟ್ಟಿ
12 ಡಿಸೆಂಬರ್ 2024

ಆಮ್ರಪಾಲಿ ಬಾಯಾರಿಗೆ ಶರಣು.

ಪಾರ್ಸಲ್‌ದಾಗ ಪರಕಾರ ಐತಿ. ಇಪ್ಪತ್ತೆರಡ ಸಾಲು, ಕೆಂಪ ಮೈ, ಅರಿಷಿಣ ದಡಿ. ಒಗದ್ರ ಬಣ್ಣ ಬಿಡೂದಿಲ್ಲ, ಒಂದ ತುಣಕ ಒಗದ ನೋಡೇನಿ.

ನೀವು ಮೊದಲ ಪತ್ರದಾಗ ಒಮ್ಮೆ, ಈಗೊಮ್ಮೆ ಸೀಳು ಬಿಡ್ರಿ ಅಂತ ಬರದೀರಿ. ನನಗ ತಿಳದೈತ್ರಿ ಯಾಕಂತ. ಈ ಮುದುಕಿ ಕೈಲೆ ಸುತ್ತ ಕೂಡಸಾಕ ಆಗೂದಿಲ್ಲ, ಅಷ್ಟ ಕೆಲಸ ಕಡಿಮಿ ಮಾಡಿ ಕೊಡೂಣು ಅಂತ ನಿಮ್ಮ ಅಂತಃಕರಣ. ಬ್ಯಾಡ್ರಿ. ನಮ್ಮಲ್ಲೆ ಹಬ್ಬಕ್ಕ ಉಡಿ ತುಂಬೂವಾಗ ಒಂದ ಎಳಿ ಹರದ ಖಣಾ ಸುದ್ದಾ ಕೊಡೂದಿಲ್ಲ. ಇನ್ನ ಮಂದಿ ದೇವರ ಹಬ್ಬಕ್ಕ, ಮ್ಯಾಲಿಂದ ಕೆಳಗ ಸೀಳಿದ ಪರಕಾರ ಕಳಸಲೇನು? ನಿಮ್ಮ ದೊಡ್ಡ ಬಾಯಾರು ತುಕ್ಕಾನಟ್ಟಿ ಮಂದಿಗೆ ಏನ ಅಂದಾರು? ಸೀಳು ಕೂಡಿಸೇನಿ. ಎರಡ ದಿನ ಹಿಡೀತು. ಎಲ್ಲಿ ಕೂಡೇತಿ ಅಂತ ಹುಡಕಿದ್ರೂ ಸಿಗೂದಿಲ್ಲ.

ನಾ ಕೇಳಿದ್ದಕ್ಕ ನೀವು ಉತ್ತರ ಕೊಡಲಿಲ್ಲ. ಕೊಡಲಾರದ್ದೂ ಒಂದ ಉತ್ತರಾನ. ತಿಳಕೊಂಡೇನಿ. ಇನ್ನ ಕೇಳೂದಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳ್ರಿ. ಉಸುಕ ತಿನ್ನಬ್ಯಾಡ್ರಿ ಅನ್ರಿ.

ಅಕ್ಕವ್ವ ರಾಚಪ್ಪ


ಹುಕ್ಕೇರಿ
28 ಡಿಸೆಂಬರ್ 2024

ಪ್ರೀತಿಯ ಅಕ್ಕವ್ವ ಆಯಿ,

ಮೊದಲ ನಗಸ್ತೇನಿ, ಆಮ್ಯಾಲ ನೀವು ಬೈರಿ.

ಸೀಳು ನಿಮ್ಮ ಕೈ ಸಲುವಾಗಿ ಅಲ್ಲ ಆಯಿ! ಗಿಡದ ಸಲುವಾಗಿ! ಗಿಡ ಡಬ್ಬ್ಯಾಗ ನಿಂತ ಮ್ಯಾಲ ಸುತ್ತಿ ಹಾಸಬೇಕಲ್ಲ, ಅದಕ್ಕ ಸೀಳು. ಕೂಡಿಸಿ ಬಿಟ್ರ ಯಾವ ಕಡಿಂದ ತೊಡಸೂದು? ಮ್ಯಾಲಿಂದ ಹಾಕೂಣು ಅಂದ್ರ ಚುಕ್ಕಿ, ಗಂಟಿ, ಟೊಂಗಿ ಎಲ್ಲಾ ಅಡ್ಡ. ನಾ ತಲಿ ಕೆರಕೋತ ನಿಂತೆ. ಒಬ್ಬಾಕಿ ಕತ್ತರಿ ತಂದ್ಲು. ನಮ್ಮ ಆಯಾ ಇಂದ್ರವ್ವ ಅದನ್ನ ಕಸಗೊಂಡ, "ಒಂದ ಎಳಿ ಕತ್ತರಿಸಿದ್ರ ನೋಡ್ರಿ" ಅಂತ ಪರಕಾರ ಎದಿಗವಚಿ ಹಿಡಕೊಂಡ್ಲು. ಕಡೀಗೆ ದೊಡ್ಡ ಬಾಯಾರು, ಇಂದ್ರವ್ವ, ನಾನು ಮೂವರೂ ಕೂಡಿ ಗಿಡಾನ ಕಿತ್ತಿವಿ. ಉಸುಕ ಖೋಲಿ ತುಂಬ. ಬೊಡ್ಡಿ ಮೊದಲ ಪರಕಾರದಾಗ ತೂರಿಸಿ, ಆಮ್ಯಾಲ ಡಬ್ಬ್ಯಾಗ ನೆಟ್ಟು, ಪರಕಾರ ಕೆಳಗ ಜಗ್ಗಿದ್ವಿ.

ಮತ್ತ ಏನಾತು ಗೊತ್ತೇನ್ರಿ? ಮಕ್ಕಳು ಜಗ್ಗತಾವ, ಬರೂದಿಲ್ಲ. ಸೀಳು ಇದ್ದಿದ್ರ ಮೊದಲನೇ ದಿನಾನ ಕಿತ್ತ ಒಗೀತಿದ್ವು. ಹದಿನೈದ ಮಕ್ಕಳಾಗ ಒಂದೂ ಈ ಸರತಿ ಉಸುಕ ತಿಂದಿಲ್ಲ. ಮುಷ್ಟಿ ಬಿಚ್ಚಲಾರದ ಒಂದ ಕೂಸ ಐತಿ, ಆರ ವರ್ಷದ್ದು. ಅದು ನಿಮ್ಮ ದಡಿ ಮ್ಯಾಲ ಮಕ್ಕೊಂಡ, ಒಂದೊಂದ ಕಂಬದ ಸಂದ್ಯಾಗ ಒಂದೊಂದ ಬೆರಳ ಹಾಕಿ ತಗೀತೈತಿ. ಸಣ್ಣ ದಾರದ್ದ ಆಗಿದ್ರ ಅದರ ಬೆರಳ ಹಿಡಸ್ತಿದ್ದಿಲ್ಲ. ದೊಡ್ಡ ಬಾಯಾರು ಅದನ್ನ ನೋಡಿ ಕಣ್ಣ ಒರಸಿಕೊಂಡ್ರು, "ಇದನ್ನ ಮಾಡಿದ ಕೈಗೆ ನನ್ನ ನಮಸ್ಕಾರ ತಿಳಸ್ರಿ" ಅಂದ್ರು. ತಿಳಿಸೇನಿ.

ಈಗ ಬೈಯೂ ಮಾತು. ಆಯಿ, ಆ ಕೂಡಿಸಿದ ಜಾಗಾ ನಾ ದೀಪದ ಬೆಳಕಿಗೆ ಹಿಡದ ನೋಡೇನಿ. ಎರಡ ಅಂಚೂ ಸಪಾಟ, ಒಂದ ಕಂಬಾನೂ ಜಗ್ಗಿಲ್ಲ. ಮುಚ್ಚಿದ ಮುಷ್ಟಿ ಕೈಲೆ ಹಂಗ ಹಿಡ್ಯಾಕ ಆಗೂದಿಲ್ಲ. ಶೈಲಕ್ಕಾ ಮಾಡಿಕೊಟ್ರೇನು? ಮಾಡಿಕೊಟ್ರೂ ತಪ್ಪಿಲ್ಲ. ಖರೆ ಹೇಳ್ರಿ ಅಷ್ಟ.

ನಿಮಗ ಖರೆ ಹೇಳ್ರಿ ಅನ್ನಾಕ ನನಗ ಹಕ್ಕಿಲ್ಲ, ಯಾಕಂದ್ರ ನಾನ ಹೇಳಿಲ್ಲ. ಜೂನ್‌ದಾಗ ನಿಮ್ಮ ಫೈಲಿನ್ಯಾಗ ನಾ ನನ್ನ ಕೈಲೆ ಬರದಿದ್ದೆ: ಎಡಗೈ ಬೆರಳು ಇದಕಿಂತ ಹೆಚ್ಚಿಗಿ ತೆರೆಯುವ ಸಾಧ್ಯತೆ ಇಲ್ಲ. ನಿಮಗ ಹೇಳೂ ಧೈರ್ಯ ಆಗಲಿಲ್ಲ. ಪತ್ರ, ಉಲ್ಲನ್, ಪರಕಾರ, ಎಲ್ಲಾ ಇದ್ದದ್ದರೆ ಉಳೀಲಿ ಅಂತ ಕೊಟ್ಟಿದ್ದು, ಹೆಚ್ಚಿಗಿ ಬರತೈತಿ ಅಂತ ಅಲ್ಲ. ನೀವು ಲಿಂಗದ ವಿಷಯ ಬರದ ಮ್ಯಾಲ ಮೂರ ಸಲ ಉತ್ತರ ಬರದ ಹರದೇನಿ. ಕೆಲಸ ಜಾಸ್ತಿ ಇತ್ತು ಅಂದದ್ದ ಸುಳ್ಳು.

ಓದಿ ಬಂದ ಮೊದಲನೇ ನೌಕರಿ ಘಟಪ್ರಭಾದ್ದು. ಅಲ್ಲೆ ಎಲ್ಲಾರೂ ನನಗ "ಏ ಹುಡಿಗಿ" ಅಂತಿದ್ರು. ಬಾಯಾರ ಅಂತ ಮರ್ಯಾದಿಲೆ ಕರದ ಮೊದಲ ಪೇಷಂಟ್ ನೀವು. ಆ ಮಾತ ಹಿಡಕೊಂಡ ನಾ ಅಲ್ಲೆ ದಿನಾ ಕಳದೇನಿ. ಅಂಥಾವರಿಗೆ ಸುಳ್ಳ ಹೇಳಿದ್ದು ನನಗ ಚುಚ್ಚತೈತಿ. ಕ್ಷಮಾ ಮಾಡ್ರಿ ಆಯಿ.

ಆಮ್ರಪಾಲಿ


ತುಕ್ಕಾನಟ್ಟಿ
8 ಜನವರಿ 2025

ನನ್ನವ್ವಾ ಆಮ್ರಪಾಲಿ,

ಇವತ್ತ ಬಾಯಾರ ಅನ್ನೂದಿಲ್ಲ. ಸಿಟ್ಟ ಬಂದೈತಿ. ಶೈಲಾ ಮಾಡಿಕೊಟ್ಲು ಅಂತೀ ಏನ? ಪತ್ರ ಓದಿ ಒಂದ ಹೊತ್ತ ಊಟಾ ಬಿಟ್ಟೇನಿ. ಶೈಲಾಗ ಕ್ರೋಶಾ ಸೂಜಿ ಯಾವ ಕಡಿಂದ ಹಿಡೀಬೇಕು ಅನ್ನೂದ ಗೊತ್ತಿಲ್ಲ ತಾಯಿ. ಮಾಡಿದ್ದ ನಾ. ಎರಡೂ ಕೈಲೆ.

ಹೆಂಗಂದ್ರ, ಕೇಳು. ಪರಕಾರ ಎಲ್ಲಾ ತೊಡಿ ಮ್ಯಾಲ ಹರವಿದ್ದೆ. ಸೀಳಿನ ಎರಡೂ ಅಂಚು ಬಾಜೂ ಬಾಜೂ ಇಟ್ಟ ಸೂಜಿ ಹಾಕಬೇಕಂದ್ರ ಕೆಳಗ ಒಂದ ಆಸರ ಬೇಕು. ಮೊದಲ ತಾಟ ಇಟ್ಟೆ, ಜಾರತು. ಕುಂದರೂ ಮಣಿ ಇಟ್ಟೆ, ಎತ್ತರಾತು. ಕಡೀಗೆ ಎಡಗೈ ಮುಷ್ಟಿನ ಅಂಗಾತ ಮಾಡಿ ಪರಕಾರದ ಬುಡಕ ಇಟ್ಟೆ. ಆ ದಪ್ಪನ ಉಲ್ಲನ್ ಕೆಳಗ ಕೈ ಬಿಸಿ ಬಿಸಿ ಆತು. ಗೇಣ ಕೂಡಿಸೂದರಾಗ ಮುಷ್ಟಿ ಸಡಿಲಾತು. ಮರುದಿನ ಮತ್ತ ಕುಂತೆ. ದಡಿಗೆ ಬಂದ ಸೂಜಿ ಇಟ್ಟ, ಪರಕಾರ ಎತ್ತಿ ನೋಡಿದ್ರ ಕೆಳಗ ನನ್ನ ಅಂಗೈ ಹಾಸಿ ಬಿದ್ದೈತಿ! ಕಿರಿಬೆರಳ ಅಷ್ಟ ಇಷ್ಟ ಬಗ್ಗಿತ್ತು. ನಾ ಚೀರಲಿಲ್ಲ, ಅಳಲಿಲ್ಲ, ಮತ್ತ ಪರಕಾರ ಮುಚ್ಚಿ ಬಿಟ್ಟೆ. ಯಾರಿಗೂ ಹೇಳಲಿಲ್ಲ. ನಿನಗೂ ಬರೀಲಿಲ್ಲ. ಕೂಸ ಹುಟ್ಟೂಕಿಂತ ಮೊದಲ ಕುಲಾಯಿ ಹೊಲೀಬಾರದು.

ನೀ ಸೀಳು ಅಂದಿದ್ದ ಗಿಡಕ್ಕ, ನಾ ತಿಳಕೊಂಡಿದ್ದ ನನ್ನ ಕೈಗೆ. ನಾ ನಿನ್ನ ಮಾತ ಕೇಳಿದ್ರ ಆ ಎರಡ ದಿನದ ಕೆಲಸಾನ ಇರತಿರಲಿಲ್ಲ. ಮನಿಯವರು, "ನಲವತ್ತೈದ ವರ್ಷ ಯಾರ ಮಾತೂ ಕೇಳಲಾರದ್ದಕ್ಕ ಇವತ್ತ ಫಲ ಬಂತ ನೋಡು" ಅಂದ್ರು.

ಪರಕಾರ ನಿನಗ ಕಳಸಿದ ಮ್ಯಾಲ ದಿನಾ ರಗ್ಗ ಹೊಚ್ಚಿ ಕೈ ಬೆಚ್ಚಗ ಮಾಡಕೋತ ಬಂದೆ. ಎಳ್ಳ ಅಮಾಸಿ ಸೋಮವಾರ ಬಂದಿತ್ತು. ಮನಿ ಮಂದಿ ಭೂತಾಯಿಗೆ ಚರಗಾ ಚೆಲ್ಲಾಕ ಹೊಲಕ್ಕ ಹೋಗೂ ತಯಾರಿ ಮಾಡಾಕತ್ತಿದ್ರು. ನಾ ಜಳಕಾ ಮಾಡಿ, ಕರಡಗಿ ಬಿಚ್ಚಿ, ಅಂಗೈ ಚಾಚಿದೆ. ಲಿಂಗ ಬಲಗೈಯಾಗ ಹಿಡಕೊಂಡ ಹಂಗ ಕುಂತೆ. ಲಿಂಗ ಕೆಳಗ ಬಿತ್ತಂದ್ರ ಏನಂತ ನಿನಗ ಹೆಂಗ ಹೇಳಲಿ? ನಮಗ ಅದ ಜೀವಾ ಬಿದ್ದಂಗ. ಮನಿಯವರು ಬಂದ ಎದರಿಗೆ ಕುಂತ್ರು. ಒಂದ ಚಾಷ್ಟಿ ಮಾತಿಲ್ಲ. ನನ್ನ ಕೈ ಮುಟ್ಟಲಿಲ್ಲ, ಒಂದ ಬೆರಳಿನಷ್ಟ ಕೆಳಗ ತಮ್ಮ ಎರಡೂ ಕೈ ಬೊಗಸಿ ಮಾಡಿ ಹಿಡದ್ರು. "ಇಡು" ಅಂದ್ರು. ಇಟ್ಟೆ.

ನಿಂತತು ನನ್ನವ್ವಾ. ಅದ ತೂಕ. ಹತ್ತ ತಿಂಗಳಾಗಿತ್ತು. ವಿಭೂತಿ ಏರಸಿದೆ, ಪತ್ರಿ ಏರಸಿದೆ, ನೋಡಕೋತ ಕುಂತೆ, ನೋಡಕೋತ ಕುಂತೆ. ಹೊಲಕ್ಕ ಹೋಗೂ ಗಾಡಿ ಅಂಗಳದಾಗ ಕಾಯಕೋತ ನಿಂತಿತ್ತು, ಯಾರೂ ಕರೀಲಿಲ್ಲ.

ಇನ್ನೊಂದ ಹೇಳೂದೈತಿ. ಇದಕ್ಕ ಕೈಕಿಂತ ಹೆಚ್ಚ ಧೈರ್ಯ ಬೇಕಾಗೇತಿ. ನಿನ್ನ ಬಾಯಾರ ಅಂತ ಮೊದಲ ಕರದಾಕಿ ನಾ ಅಂತ ಬರದಿದ್ದಿ. ಅದನ್ನ ಓದಿ ನನ್ನ ಮಾರಿ ನನಗ ನೋಡಕೊಳ್ಳಾಕ ಆಗಲಿಲ್ಲ. ಮೊದಲನೇ ದಿನ ನಾ ನಿನಗ "ಯಾವ ಪೈಕಿ ನೀವು?" ಅಂತ ಕೇಳಿದ್ದೆ. ನೀ "ಕಣಗಲಾದ ಬೌದ್ಧ ಪೈಕಿ ರೀ" ಅಂದಿ. ಮರುದಿನದಿಂದ ಹಸರ ಟಾವೆಲ್ ಸುತಗೊಂಡ ಬಂದೆ. ಥಂಡಿ ಅಂದೆ. ಏಪ್ರಿಲ್ ಬಿಸಲಾಗ ಎಲ್ಲೀ ಥಂಡಿ? ನಿನ್ನ ಕೈ ನನ್ನ ಕೈಗೆ ನೇರ ಹತ್ತಬಾರದು, ಮೈಲಗಿ ಅಂತ ಸುತ್ತಿದ್ದೆ. ಬಾಯಿಲೆ ಬಾಯಾರ, ಕೈಗೆ ಟಾವೆಲ್. ಕೊರಳಾಗ ಲಿಂಗ, ನಾಲಿಗಿ ಮ್ಯಾಲ ಬಸವಣ್ಣ, ಮಾಡಿದ್ದು ಇದು. ನಾಕ ದಿನ ನೀ ಟಾವೆಲ್ ಮ್ಯಾಲಿಂದನ ಒಂದೊಂದ ಬೆರಳ ತಿಕ್ಕಿದಿ. ಐದನೇ ದಿನ ನಾಚಿಕಿ ಬಂದ ತಗದೆ. ನೀ ಪತ್ರದಾಗ ಟಾವೆಲ್ ಸುತ್ತರಿ ಅಂತ ಬರದಾಗ ಚುಚ್ಚಿ ಬರದೀ ಅಂತ ತಿಳದಿದ್ದೆ, ಆಮ್ಯಾಲ ನೋಡಿದ್ರ ನೀ ನನ್ನ ಕೈ ಬೆಚ್ಚಗಿರಲಿ ಅಂತ ಬರದಿದ್ದಿ. ನಿನಗ ಗೊತ್ತಿತ್ತೋ ಇಲ್ಲೋ, ನನಗ ಗೊತ್ತಿತ್ತು. ಕ್ಷಮಾ ಕೇಳಬೇಕಾದಾಕಿ ನಾನವಾ, ನೀ ಅಲ್ಲ.

ಫೈಲಿನ ಮಾತ ಬಿಡು. ತೆರೆಯೂದಿಲ್ಲ ಅಂತ ಬರದ ಕೈಲೇನ ಉಲ್ಲನ್ ಕಟ್ಟಿ ಕಳಿಸೀಯಲ್ಲ, ಅಷ್ಟ ಸಾಕು. ನಾ ಸಾಯೂ ತನಕ ದಿನಾ ಮುಂಜಾನೆ ಅಂಗೈ ತೆರದಾಗ ನಿನ್ನ ನೆನಸ್ತೇನಿ.

ಶಿವರಾತ್ರಿ ಮರುದಿನ ಬಾ. ನಿಮ್ಮವ್ವನ್ನೂ ಕರಕೊಂಡ ಬಾ. ಶೈಲಾ ರೊಟ್ಟಿ ಬಡೀತಾಳ, ನಾ ನಿನ್ನ ತಾಟಿಗೆ ಎರಡೂ ಕೈಲೆ ನೀಡತೇನಿ. ಮುಂದಿನ ವರ್ಷದ ಗಿಡಕ್ಕ ಇನ್ನೊಂದ ಪರಕಾರ ಸುರು ಮಾಡೇನಿ. ಸೀಳು ಬಿಡೂದಿಲ್ಲ, ಗಿಡಾ ಕೀಳ್ರಿ.

ಕಾಗದ ಹೊಳ್ಳಸಿ ಹಿಂದ ನೋಡು. ಬಟಾಟಿ ಅಲ್ಲ, ಐದೂ ಬೆರಳು ಬಂದಾವ. ಕಿರಿಬೆರಳಿನ ಹಂತೇಕ ಗೆರಿ ಅಲಗ್ಯಾಡೇತಿ, ಮನಿಯವರು ಬಾಜೂ ಕುಂತ ನಗಸಿದ್ರು. ನಡುವ ಬೆಳ್ಳಗ ಹತ್ತೇತಲ್ಲ, ಅದನ್ನ ಒರಸಬ್ಯಾಡ. ಪೂಜಾ ಮುಗಿಸಿ ಕೈ ತೊಳೀಲಾರದ ಹಂಗ ಇಟ್ಟೇನಿ.

ನಿನ್ನ ಆಯಿ,
ಅಕ್ಕವ್ವ